40 ಲೀಟರ್ ಬೆನ್ನುಚೀಲ, 7 ಕಿಲೋ ಮಿತಿ: ವರ್ಷಗಟ್ಟಲೆ ಬಳಸಿದ ಮೇಲಿನ ವಿಮರ್ಶೆ

ಈ ವಿಮರ್ಶೆ ಒಂದು ಬಗೆಯ ಚೀಲದ್ದು. 40 ಲೀಟರ್ ಹಿಡಿಸುವ, ಮೂರು ಬದಿ ಜಿಪ್ ಬಿಚ್ಚಿದರೆ ಸೂಟ್‌ಕೇಸಿನ ಹಾಗೆ ಪೂರ್ತಿ ತೆರೆದುಕೊಳ್ಳುವ, ಚಕ್ರವಿಲ್ಲದ ನೈಲಾನ್ ಬೆನ್ನುಚೀಲ. ಅಳತೆ ಸುಮಾರು 55×35×21 ಸೆಂ.ಮೀ., ಖಾಲಿ ತೂಕ 1.25 ಕಿಲೋ. ಹೆಚ್ಚುಕಡಿಮೆ ಇದೇ ಅಳತೆ, ಇದೇ ತೂಕದ ಚೀಲಗಳು ಹಲವು ಕಂಪನಿಗಳಲ್ಲಿ ಸಿಗುತ್ತವೆ. ಹೊಲಿಗೆ, ಜಿಪ್ಪು, ಬಟ್ಟೆಯ ಲೇಪನ ಹೇಗಿದೆ ಎಂಬುದರ ಮೇಲೆ ಬಾಳಿಕೆ ನಿಂತಿದೆಯೇ ಹೊರತು ಮೇಲೆ ಅಂಟಿಸಿದ ಹೆಸರಿನ ಮೇಲಲ್ಲ.

ಮೊದಲು ತೂಕದ ಲೆಕ್ಕ. ನಮ್ಮ ದೇಶದ ವಿಮಾನಗಳಲ್ಲಿ ಎಕಾನಮಿ ಟಿಕೆಟ್‌ಗೆ ಕ್ಯಾಬಿನ್ ಬ್ಯಾಗಿನ ಮಿತಿ ಸಾಮಾನ್ಯವಾಗಿ 7 ಕಿಲೋ, ಉದ್ದ ಅಗಲ ದಪ್ಪ ಕೂಡಿಸಿದರೆ 115 ಸೆಂ.ಮೀ. ದಾಟಬಾರದು. ಅಮೆರಿಕದ ದೊಡ್ಡ ವಿಮಾನ ಸಂಸ್ಥೆಗಳು ದೇಶದೊಳಗಿನ ಹಾರಾಟಗಳಲ್ಲಿ ಕ್ಯಾಬಿನ್ ಬ್ಯಾಗಿನ ಅಳತೆ ನೋಡುತ್ತವೆ, ತೂಕಕ್ಕೆ ಅಷ್ಟಾಗಿ ಹೋಗುವುದಿಲ್ಲ. ಹಗುರವಾಗಿ ಪ್ಯಾಕ್ ಮಾಡುವುದು ಹೇಗೆಂದು ಅಲ್ಲಿನವರು ಬರೆಯುವ ಸಲಹೆಗಳೆಲ್ಲ ಜಾಗ ಉಳಿಸುವುದರ ಸುತ್ತಲೇ ಇರುವುದು ಇದೇ ಕಾರಣಕ್ಕೆ. ಇಲ್ಲಿ ಆ ಸಲಹೆ ನಡೆಯುವುದಿಲ್ಲ. ಚೀಲದಲ್ಲಿ ಇನ್ನೂ ಕಾಲುಭಾಗ ಜಾಗ ಉಳಿದಿರುವಾಗಲೇ 7 ಕಿಲೋ ಆಗಿಬಿಡುತ್ತದೆ.

ಹಾಗಾಗಿ ಚೀಲ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಖಾಲಿ ಇದ್ದಾಗ ಅದು ಎಷ್ಟು ತೂಗುತ್ತದೆ ಎಂಬುದು. ನಾಲ್ಕು ಚಕ್ರದ ಗಟ್ಟಿ ಪಾಲಿಕಾರ್ಬನೇಟ್ ಟ್ರಾಲಿ 55 ಸೆಂ.ಮೀ. ಅಳತೆಯದು 2.5ರಿಂದ 3.2 ಕಿಲೋ ಇರುತ್ತದೆ. ಚಕ್ರ, ಎಳೆಯುವ ಹಿಡಿಕೆ, ಅದರ ಅಲ್ಯೂಮಿನಿಯಂ ಕೊಳವೆ, ಒಳಗಿನ ಚೌಕಟ್ಟು ಎಲ್ಲವೂ ನಿಮ್ಮ 7 ಕಿಲೋದೊಳಗೇ ಲೆಕ್ಕ.

ಒಂದು ವಾರದ ಪ್ರಯಾಣಕ್ಕೆ ಒಬ್ಬರ ಸಾಮಾನು ಹೀಗೆ ಬರುತ್ತದೆ: ಟೀ ಶರ್ಟು, ಅಂಗಿ ಸೇರಿ ನಾಲ್ಕು, ತಲಾ 200 ಗ್ರಾಂನಂತೆ 800, ತೆಳು ಸಿಂಥೆಟಿಕ್ ಪ್ಯಾಂಟು ಒಂದು, 350 (ಇನ್ನೊಂದು ಮೈಮೇಲೆ), ರಾತ್ರಿಯ ಉಡುಪು 300, ಒಳಉಡುಪು ಐದು ಜೊತೆ 300, ಕಾಲುಚೀಲ ಮೂರು ಜೊತೆ 120, ತೆಳು ಜಾಕೆಟ್ 450, ಪಾಣಿಪಂಚೆ 150, ಚಪ್ಪಲಿ 300, ಸ್ನಾನದ ಸಾಮಾನು 600, ಮಡಚುವ ಛತ್ರಿ 300, ಚಾರ್ಜರು, ವೈರುಗಳು 350, ಔಷಧಿ 150, ಒಂದು ಪುಸ್ತಕ ಮತ್ತು ಕಾಗದಪತ್ರ 400, ಖಾಲಿ ನೀರಿನ ಬಾಟಲಿ 200, ಬಟ್ಟೆ ವಿಂಗಡಿಸುವ ಎರಡು ಸಣ್ಣ ಚೀಲ 160. ಇದಕ್ಕೆ ಬೆನ್ನುಚೀಲದ 1.25 ಕಿಲೋ ಸೇರಿಸಿದರೆ 6.18 ಕಿಲೋ. ವಾಪಸ್ ಬರುವಾಗ ಅರ್ಧ ಕಿಲೋ ಧಾರವಾಡ ಪೇಡ ಹಾಕಿಕೊಂಡರೂ ಮಿತಿಯೊಳಗೇ. ಇದೇ ಸಾಮಾನನ್ನು 2.9 ಕಿಲೋದ ಟ್ರಾಲಿಗೆ ತುಂಬಿದರೆ 7.83 ಕಿಲೋ. ಒಂದು ವಸ್ತುವನ್ನೂ ಹೆಚ್ಚಿಸದೆ ಮಿತಿ ದಾಟಿದಂತಾಯಿತು. ಟ್ರಾಲಿ ಬಿಟ್ಟು ಬೆನ್ನುಚೀಲಕ್ಕೆ ಬರಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಜೀನ್ಸ್ ಪಟ್ಟಿಯಲ್ಲಿ ಇಲ್ಲದಿರುವುದನ್ನು ಗಮನಿಸಿ. ಒಂದು ಜೀನ್ಸ್ 650ರಿಂದ 800 ಗ್ರಾಂ. ಹಾಕಲೇಬೇಕೆಂದರೆ ಮೈಮೇಲೆ ಹಾಕಿಕೊಳ್ಳಿ, ಎರಡನೆಯದು ಬೇಡ. ಶೂ ಕೂಡ ಹಾಗೆಯೇ: ಭಾರದ್ದು ಕಾಲಲ್ಲಿ, ಚಪ್ಪಲಿ ಚೀಲದಲ್ಲಿ. ದಪ್ಪ ಟರ್ಕಿ ಟವೆಲ್ಲು ಒಣಗಿದ್ದಾಗಲೇ 400–500 ಗ್ರಾಂ, ಒದ್ದೆಯಾದರೆ ಕಿಲೋ ಮುಟ್ಟುತ್ತದೆ. ನಮ್ಮ ಪಾಣಿಪಂಚೆ 150 ಗ್ರಾಂನಲ್ಲಿ ಅದೇ ಕೆಲಸ ಮಾಡುತ್ತದೆ, ಫ್ಯಾನಿನ ಕೆಳಗೆ ಬೇಗ ಒಣಗುತ್ತದೆ, ಬಿಸಿಲಲ್ಲಿ ತಲೆಗೂ ಆಗುತ್ತದೆ. ಪ್ರವಾಸಕ್ಕೆಂದು ಮಾರುವ ಮೈಕ್ರೋಫೈಬರ್ ಟವೆಲ್ಲಿಗಿಂತ ನನಗೆ ಇದೇ ಮೇಲು. ಮೈಕ್ರೋಫೈಬರ್ ಎರಡನೆಯ ದಿನಕ್ಕೇ ವಾಸನೆ ಹಿಡಿಯುತ್ತದೆ.

ತಕ್ಕಡಿ

500 ರೂಪಾಯಿ ಆಸುಪಾಸಿನ ಕೊಕ್ಕೆಯ ಡಿಜಿಟಲ್ ತಕ್ಕಡಿ ಈ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಲಾಭದ ಖರೀದಿ. ಕೊಂಡ ದಿನವೇ ಪರೀಕ್ಷಿಸಿ: ಒಂದು ಗಟ್ಟಿ ಕೈಚೀಲವನ್ನು ತೂಗುಹಾಕಿ ಸೊನ್ನೆ ಮಾಡಿಕೊಳ್ಳಿ, ಅದರೊಳಗೆ ಅಂಗಡಿಯ ಸೀಲ್ ಇರುವ 5 ಕಿಲೋ ಅಕ್ಕಿ ಇಟ್ಟು ನೋಡಿ. 50 ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಬಂದರೆ ವಾಪಸ್ ಕೊಡಿ. ತೂಗುವಾಗ ತೋಳು ಅಲುಗಿದರೆ ಅಂಕಿಯೂ ಅಲುಗುತ್ತದೆ, ಆದ್ದರಿಂದ ಮೊಣಕೈಯನ್ನು ಮೈಗೆ ಒತ್ತಿಕೊಂಡು ಎತ್ತಿ, ಅಂಕಿ ನಿಲ್ಲುವವರೆಗೆ ಹಿಡಿದಿರಿ. ಬ್ಯಾಟರಿ ಇಳಿದಾಗ ಕೆಲವು ತಕ್ಕಡಿಗಳು ಎಚ್ಚರಿಕೆ ಕೊಡದೆ ತಪ್ಪು ತೂಕ ತೋರಿಸಬಹುದು. ಮನೆಯಲ್ಲಿ 6.8 ಇದ್ದದ್ದು ಕೌಂಟರಿನಲ್ಲಿ 7.2 ಆಗುವುದಕ್ಕೆ ಇದೂ ಒಂದು ಕಾರಣ. ಮನೆಯಲ್ಲಿ 6.7ಕ್ಕೆ ನಿಲ್ಲಿಸಿದರೆ ಚಿಂತೆಯಿಲ್ಲ.

ಕ್ಯಾಬಿನ್ ಬ್ಯಾಗಿನ ಜೊತೆಗೆ ಲ್ಯಾಪ್‌ಟಾಪ್ ಬ್ಯಾಗು ಅಥವಾ ಪರ್ಸು ಒಂದಕ್ಕೆ ಹಲವು ಸಂಸ್ಥೆಗಳು ಅವಕಾಶ ಕೊಡುತ್ತವೆ. ಇಂಡಿಗೋದಲ್ಲಿ ಇದಕ್ಕೆ 3 ಕಿಲೋ ಮಿತಿ. ಗಾತ್ರ ಸಣ್ಣ, ತೂಕ ಜಾಸ್ತಿ ಇರುವುದೆಲ್ಲ ಇಲ್ಲಿಗೆ ಹೋಗಬೇಕು: ಲ್ಯಾಪ್‌ಟಾಪು, ಚಾರ್ಜರು, ಪವರ್ ಬ್ಯಾಂಕು, ಪುಸ್ತಕ, ಔಷಧಿ. ಆದರೆ ಅದು ಮುಂದಿನ ಸೀಟಿನ ಕೆಳಗೆ ಕೂರಬೇಕು, ಇದನ್ನು ಮರೆತು ಎರಡನೆಯ ಬೆನ್ನುಚೀಲವನ್ನೇ ತರುವವರು ಬಾಗಿಲಲ್ಲಿ ಸಿಕ್ಕಿಬೀಳುತ್ತಾರೆ. ಮಿತಿ ಎಷ್ಟಿದೆ ಎಂದು ಟಿಕೆಟ್ ಕೊಂಡ ಸಂಸ್ಥೆಯ ನಿಯಮದಲ್ಲೇ ಓದಿ, ಹೋಗುವ ಮತ್ತು ಬರುವ ಹಾರಾಟ ಬೇರೆ ಬೇರೆ ಸಂಸ್ಥೆಯದಾದರೆ ಕಡಿಮೆ ಇರುವುದಕ್ಕೆ ಹೊಂದಿಸಿ.

ತುಂಬುವ ಕ್ರಮ

ಚೀಲವನ್ನು ಬೆನ್ನಿನ ಬದಿ ಕೆಳಗಾಗಿ ಮಲಗಿಸಿ. ಪ್ಯಾಂಟನ್ನು ಉದ್ದಕ್ಕೆ ಮಡಚಿ ತಳದಲ್ಲಿ ಹಾಸಿ, ಕಾಲುಗಳ ಭಾಗ ಹೊರಗೆ ಚಾಚಿರಲಿ. ಅದರ ಮೇಲೆ ಅಂಗಿಗಳು, ಕಾಲರು ಒಂದರ ಪಕ್ಕ ಒಂದು ಎದುರುಬದುರು ಬರುವಂತೆ. ಆಮೇಲೆ ಚಾಚಿದ ಪ್ಯಾಂಟಿನ ಕಾಲುಗಳನ್ನು ಮೇಲಕ್ಕೆ ಮಡಚಿ ಮುಚ್ಚಿದರೆ ಅಂಗಿಗೆ ಸುಕ್ಕು ಬೀಳುವುದು ಬಹಳ ಕಡಿಮೆಯಾಗುತ್ತದೆ. ಟೀ ಶರ್ಟು, ಒಳಉಡುಪುಗಳನ್ನು ಸುತ್ತಿ ಸಣ್ಣ ಚೀಲದಲ್ಲಿಡಿ. ಚಪ್ಪಲಿ ಅಡಿಯಲ್ಲಿ, ಪ್ಲಾಸ್ಟಿಕ್ ಶವರ್ ಕ್ಯಾಪಿನೊಳಗೆ. ಭಾರದ ವಸ್ತು ಬೆನ್ನಿಗೆ ಒತ್ತಿಕೊಂಡು, ಭುಜದ ಮೂಳೆಯ ಎತ್ತರಕ್ಕೆ ಬರಬೇಕು. ಅದು ಹೊರಬದಿಗೆ ಬಂದರೆ ಚೀಲ ಹಿಂದಕ್ಕೆ ಎಳೆಯುತ್ತದೆ, 6 ಕಿಲೋ 9 ಕಿಲೋದಂತೆ ಅನಿಸುತ್ತದೆ. ದ್ರವಗಳ ಚೀಲ ಮತ್ತು ಚಾರ್ಜರುಗಳು ಹೊರಗಿನ ಜೇಬಿನಲ್ಲಿ, ಸೆಕ್ಯುರಿಟಿ ಟ್ರೇ ಮುಂದೆ ನಿಂತಾಗ ಒಂದೇ ಜಿಪ್ಪಿಗೆ ಸಿಗುವಂತೆ.

ಬಟ್ಟೆ ಒತ್ತಿ ಕುಗ್ಗಿಸುವ ಕಂಪ್ರೆಷನ್ ಚೀಲಗಳ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ: 7 ಕಿಲೋ ಮಿತಿಯಲ್ಲಿ ಅವು ಕೆಲಸಕ್ಕೆ ಬಾರವು. ಅವು ಗಾಳಿಯನ್ನು ಹಿಂಡುತ್ತವೆ, ತೂಕವನ್ನಲ್ಲ. ಮೂರರ ಸೆಟ್ಟು ತಾನೇ 250–300 ಗ್ರಾಂ ತಿನ್ನುತ್ತದೆ. ಕುಗ್ಗಿಸಲೆಂದೇ ಚೀಲದ ಸುತ್ತ ಇರುವ ಎರಡನೆಯ ಜಿಪ್ಪನ್ನು ಸದಾ ಬಿಗಿತದಲ್ಲೇ ಎಳೆಯಬೇಕಾದ್ದರಿಂದ ಮೊದಲು ಕೆಡುವುದೂ ಅದೇ. ಬಟ್ಟೆ ವಿಂಗಡಿಸಲು ತೆಳು ಬಲೆಯ ಎರಡು ಚೀಲ ಸಾಕು. ಮನೆಯಲ್ಲಿ ಸೀರೆ ಇಡುವ ಹತ್ತಿಬಟ್ಟೆಯ ಕವರ್ ಇದ್ದರೆ ಅದೂ ಆಗುತ್ತದೆ.

ಮದುವೆಗೆ ಹೋಗುವವರಿಗೆ ಸೀರೆಯೇ ದೊಡ್ಡ ಪ್ರಶ್ನೆ. ಭಾರೀ ಜರಿಯ ರೇಷ್ಮೆ ಸೀರೆ ಒಂದೊಂದೇ ಮುಕ್ಕಾಲು ಕಿಲೋ, ಒಂದು ಕಿಲೋ ಬರುತ್ತದೆ. ಮೈಸೂರು ಕ್ರೇಪ್ ರೇಷ್ಮೆ ಇಲ್ಲಿ ಅನುಕೂಲ, ಕ್ರೇಪಿನ ನೂಲಿಗೆ ತಿರುಪು ಹೆಚ್ಚು, ಆದ್ದರಿಂದ ಮಡಿಕೆಯ ಗೆರೆ ಹೆಚ್ಚು ನಿಲ್ಲುವುದಿಲ್ಲ. ಯಾವ ಸೀರೆಯಾದರೂ ಜರಿ ಅಂಚು ಒಳಗೆ ಬರುವಂತೆ ಮಡಚಿ, ಮಡಿಕೆಯೊಳಗೆ ಪಾಣಿಪಂಚೆಯನ್ನು ಸುರುಳಿ ಮಾಡಿ ಇಟ್ಟರೆ ಜರಿ ಚೂಪಾಗಿ ಮುರಿಯುವುದಿಲ್ಲ. ಎರಡು ಸೀರೆಗೆ ಹೊಂದುವ ಒಂದೇ ಬಣ್ಣದ ಪೆಟಿಕೋಟು ಆರಿಸಿಕೊಂಡರೆ 200 ಗ್ರಾಂ ಉಳಿಯಿತು. ಮೂರು ಸಮಾರಂಭ, ಮೂರು ರೇಷ್ಮೆ ಸೀರೆ, ಒಡವೆ ಎಂದಾದರೆ ಒಡವೆಯನ್ನು ಕೈಯಲ್ಲಿಟ್ಟುಕೊಂಡು ಸೀರೆಗೆ ಚೆಕ್-ಇನ್ ಬ್ಯಾಗ್ ಮಾಡುವುದೇ ಸರಿ. ಒಳನಾಡಿನ ಟಿಕೆಟ್‌ಗಳಲ್ಲಿ 15 ಕಿಲೋ ಚೆಕ್-ಇನ್ ಸಾಮಾನ್ಯವಾಗಿ ಸೇರಿಯೇ ಇರುತ್ತದೆ. ನಮ್ಮಲ್ಲಿ ಕ್ಯಾಬಿನ್ ಬ್ಯಾಗಿನಿಂದ ಉಳಿಯುವುದು ಹಣಕ್ಕಿಂತ ಹೆಚ್ಚಾಗಿ ಸಮಯ: ಬ್ಯಾಗ್ ಕೊಡುವ ಸಾಲೂ ಇಲ್ಲ, ಬೆಲ್ಟಿನ ಮುಂದೆ ಕಾಯುವುದೂ ಇಲ್ಲ.

ದ್ರವ, ಪುಡಿ, ತೆಂಗಿನಕಾಯಿ

ನಮ್ಮಲ್ಲಿಂದ ಹೊರಡುವ ಅಂತರರಾಷ್ಟ್ರೀಯ ಹಾರಾಟದಲ್ಲಿ ದ್ರವ, ಪೇಸ್ಟ್, ಜೆಲ್ ಯಾವುದೇ ಇದ್ದರೂ ಒಂದೊಂದು ಡಬ್ಬಿ 100 ಎಂ.ಎಲ್. ಮೀರಬಾರದು, ಎಲ್ಲ ಸೇರಿ 1 ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಸಬೇಕು. ನೋಡುವುದು ಡಬ್ಬಿಯ ಅಳತೆಯನ್ನು, ಒಳಗೆ ಉಳಿದಿರುವುದನ್ನಲ್ಲ. ಮುಕ್ಕಾಲು ಖಾಲಿಯಾದ 200 ಎಂ.ಎಲ್. ಶಾಂಪೂ ಬಾಟಲಿಯೂ ಕಸದ ಬುಟ್ಟಿಗೇ. ತುಪ್ಪ, ಉಪ್ಪಿನಕಾಯಿ, ಗಟ್ಟಿ ಮೊಸರು ಇವೂ ಅದೇ ಲೆಕ್ಕಕ್ಕೆ ಬರುತ್ತವೆ. ಮೆಣಸಿನಕಾಯಿಯ ಉಪ್ಪಿನಕಾಯಿ ಮತ್ತು ಖಾರದ ಪುಡಿಯನ್ನು ನಮ್ಮ ನಿಲ್ದಾಣಗಳಲ್ಲಿ ಕ್ಯಾಬಿನ್ನಿನಲ್ಲಿ ಬಿಡುವುದಿಲ್ಲ, ಅವು ಚೆಕ್-ಇನ್ ಸಾಮಾನು. ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ 350 ಎಂ.ಎಲ್. ಗಾತ್ರಕ್ಕಿಂತ ಹೆಚ್ಚಿನ ಪುಡಿ ಕೈಚೀಲದಲ್ಲಿದ್ದರೆ ಬೇರೆಯಾಗಿ ತಪಾಸಣೆ ಮಾಡುತ್ತಾರೆ, ಬಗೆಹರಿಯದಿದ್ದರೆ ತೆಗೆದಿಡುತ್ತಾರೆ. ಅಮ್ಮ ಕಟ್ಟಿಕೊಟ್ಟ ಸಾರಿನಪುಡಿ ಅಲ್ಲಿ ನಿಂತುಹೋಗುವುದು ನಿಜಕ್ಕೂ ಬೇಸರದ ವಿಷಯ. ಪುಡಿಗಳಿದ್ದರೆ ಚೆಕ್-ಇನ್ ಮಾಡಿ, ಇಲ್ಲವೇ ಪುಡಿ ಬಿಟ್ಟು ಹೊರಡಿ.

ಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಸಾಲಿಗೆ ಅದು ಸೇರಿದೆ, ಹಾಗಾಗಿ ಅದನ್ನು ತರುವಂತಿಲ್ಲ. ಇಡೀ ತೆಂಗಿನಕಾಯಿಗೂ ಕ್ಯಾಬಿನ್ನಿನಲ್ಲಿ ಸಾಮಾನ್ಯವಾಗಿ ಅವಕಾಶವಿಲ್ಲ. ಶಬರಿಮಲೆ ಯಾತ್ರಿಕರ ಇರುಮುಡಿಯಲ್ಲಿನ ಕಾಯಿಗೆ 2024ರ ಅಕ್ಟೋಬರಿನಿಂದ 2025ರ ಜನವರಿ 20ರವರೆಗೆ ಕೇಂದ್ರ ಸರ್ಕಾರ ವಿಶೇಷ ಅನುಮತಿ ಕೊಟ್ಟಿತ್ತು. ಮಾಲೆ ಹಾಕುವವರು ಆಯಾ ವರ್ಷದ ಆದೇಶ ನೋಡಿಕೊಂಡು ಹೊರಡಬೇಕು.

ಬಾಟಲಿ ಸೋರುವುದಕ್ಕೆ ಕಾರಣ ಒತ್ತಡ. ಹಾರಾಟದಲ್ಲಿ ಕ್ಯಾಬಿನ್ನಿನ ಒತ್ತಡವು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಳಿದಿರುತ್ತದೆ. ಬಾಟಲಿಯೊಳಗೆ ಸಿಕ್ಕಿಕೊಂಡ ಗಾಳಿ ಹಿಗ್ಗಿ ಎಣ್ಣೆಯನ್ನು ಹೊರದಬ್ಬುತ್ತದೆ. ಸಮುದ್ರಮಟ್ಟಕ್ಕೆ ಹತ್ತಿರವಿರುವ ಮಂಗಳೂರಿನಲ್ಲಿ ಮುಚ್ಚಳ ಹಾಕಿದ ಬಾಟಲಿ, 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಮುಚ್ಚಿದ್ದಕ್ಕಿಂತ ಹೆಚ್ಚು ಹಿಗ್ಗುವುದು ಇದಕ್ಕೇ. ಮೆತ್ತನೆಯ ಬಾಟಲಿಯಾದರೆ ಮುಕ್ಕಾಲು ತುಂಬಿ, ಹಿಂಡಿ ಗಾಳಿ ಹೊರಹಾಕಿ, ಹಿಂಡಿಕೊಂಡೇ ಮುಚ್ಚಳ ತಿರುಗಿಸಿ. ಮುಚ್ಚಳದ ಕೆಳಗೆ ತೆಳು ಪ್ಲಾಸ್ಟಿಕ್ ಹಾಳೆಯ ತುಂಡು ಇಟ್ಟರೆ ಇನ್ನೂ ಭದ್ರ. ಕೊಬ್ಬರಿ ಎಣ್ಣೆ ಬೆಳಗಿನ ಚಳಿಗೆ ಗಟ್ಟಿಯಾಗಿದ್ದು 25 ಡಿಗ್ರಿ ಹತ್ತಿರ ಕರಗುತ್ತದೆ. ಹೊರಡುವಾಗ ಗಟ್ಟಿಯಿದೆ ಎಂದು ಡಬ್ಬಿಯಲ್ಲಿ ಸಡಿಲ ಮುಚ್ಚಳದೊಂದಿಗೆ ಇಟ್ಟರೆ ಇಳಿಯುವ ಹೊತ್ತಿಗೆ ಬಟ್ಟೆಯೆಲ್ಲ ಎಣ್ಣೆ.

ಪವರ್ ಬ್ಯಾಂಕು ಕ್ಯಾಬಿನ್ನಿನಲ್ಲೇ ಇರಬೇಕು, ಮಿತಿ 100 ವ್ಯಾಟ್-ಅವರ್. 20,000 ಎಂ.ಎ.ಎಚ್. ಅನ್ನು 3.7 ವೋಲ್ಟಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 74, ಅಂದರೆ ಸರಿ. ಆದರೆ ಅದು 400 ಗ್ರಾಂ ತೂಗುತ್ತದೆ. 10,000ದ್ದು ಸುಮಾರು 200 ಗ್ರಾಂ, ಹೆಚ್ಚಿನವರಿಗೆ ಸಾಕು. ಅಂಕಿ ಅಳಿಸಿಹೋಗಿರುವ ಹಳೆಯದನ್ನು ತರಬೇಡಿ, ಓದಲಾಗದಿದ್ದರೆ ತೆಗೆದಿಡುತ್ತಾರೆ. ಕ್ಯಾಬಿನ್ ತುಂಬಿದೆ ಎಂದು ಬಾಗಿಲಲ್ಲಿ ನಿಮ್ಮ ಚೀಲವನ್ನು ಕೆಳಗಿನ ಸರಕಿನ ಕೋಣೆಗೆ ಕೇಳಿದರೆ ಮೊದಲು ಪವರ್ ಬ್ಯಾಂಕ್, ಪಾಸ್‌ಪೋರ್ಟ್, ಔಷಧಿ ಹೊರತೆಗೆಯಿರಿ. ಮೂರನ್ನೂ ಒಂದೇ ಸಣ್ಣ ಚೀಲದಲ್ಲಿಟ್ಟಿದ್ದರೆ ಹತ್ತು ಸೆಕೆಂಡಿನ ಕೆಲಸ.

ಈ ಪ್ರಶ್ನೆ ಮೈಸೂರು, ಹುಬ್ಬಳ್ಳಿಯಂಥ ನಿಲ್ದಾಣಗಳ ಪ್ರಯಾಣಿಕರಿಗೆ ಹೆಚ್ಚು ಬರುತ್ತದೆ. ಅಲ್ಲಿಗೆ ಬರುವ ಎಟಿಆರ್-72 ಎಂಬ ಸಣ್ಣ ವಿಮಾನದಲ್ಲಿ ತಲೆಯ ಮೇಲಿನ ಅರೆ ಚಿಕ್ಕದು. ನಿಯಮದ ಅಳತೆಯೊಳಗಿನ ಗಟ್ಟಿ ಟ್ರಾಲಿಯೂ ಹಲವು ಸಲ ಅದರಲ್ಲಿ ಕೂರುವುದಿಲ್ಲ. ಪೂರ್ತಿ ತುಂಬದ ಮೆತ್ತನೆ ಬೆನ್ನುಚೀಲವನ್ನು ಪಟ್ಟಿ ಎಳೆದು ಚಪ್ಪಟೆ ಮಾಡಿ ತೂರಿಸಬಹುದು. ಬಸ್ಸಿನ ಮೇಲಿನ ಕಂಬಿ, ರೈಲಿನ ಮೇಲಿನ ಬರ್ತು, ಮೆಜೆಸ್ಟಿಕ್ಕಿನ ಮೆಟ್ಟಿಲು ಎಲ್ಲೆಡೆಯೂ ಇದು ಚಕ್ರದ ಚೀಲಕ್ಕಿಂತ ಸಲೀಸು.

ಯಾವುದು ಕೆಡುತ್ತದೆ, ಯಾಕೆ

ಮೊದಲು ಸೋಲುವುದು ಜಿಪ್ಪು, ಅದರಲ್ಲೂ ಹಲ್ಲಲ್ಲ, ಸ್ಲೈಡರು. ಮುಚ್ಚಿದ ಮೇಲೆ ಹಿಂದೆಯೇ ಬಾಯಿ ಬಿಟ್ಟುಕೊಳ್ಳುತ್ತಿದ್ದರೆ ಸ್ಲೈಡರಿನ ಎರಡು ತುಟಿ ಸವೆದು ಅಗಲವಾಗಿವೆ ಎಂದರ್ಥ. ಇಕ್ಕಳದಿಂದ ಸ್ಲೈಡರಿನ ಹಿಂತುದಿಯನ್ನು ಎರಡೂ ಬದಿ ಸಮವಾಗಿ, ಕೂದಲೆಳೆಯಷ್ಟೇ ಒತ್ತಿದರೆ ಕೆಲವು ತಿಂಗಳು ನಡೆಯುತ್ತದೆ. ಜಾಸ್ತಿ ಒತ್ತಿದರೆ ಲೋಹ ಬಿರಿಯುತ್ತದೆ. ಶಾಶ್ವತ ಪರಿಹಾರ ಸ್ಲೈಡರು ಬದಲಿಸುವುದು. ಬ್ಯಾಗ್ ರಿಪೇರಿ ಮಾಡುವವರ ಬಳಿ ಅದು ಅಗ್ಗದ ಕೆಲಸ, ಇಡೀ ಜಿಪ್ಪು ಬದಲಿಸಬೇಕೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕೊಳ್ಳುವಾಗಲೇ ಮುಖ್ಯ ಜಿಪ್ಪು 8 ಅಥವಾ 10ನೇ ನಂಬರಿನದೇ ನೋಡಿ, ಆ ಅಂಕಿ ಹಲವು ಸಲ ಸ್ಲೈಡರಿನ ಹಿಂಬದಿಯಲ್ಲಿರುತ್ತದೆ. 5ನೇ ನಂಬರು ಹೊರಗಿನ ಸಣ್ಣ ಜೇಬಿಗೆ ಮಾತ್ರ. ಕಡಲತೀರದ ಮರಳು ಜಿಪ್ಪಿನೊಳಗೆ ಹೊಕ್ಕರೆ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಮೇಣದಬತ್ತಿ ಸವರಿ. ಎಣ್ಣೆ ಹಚ್ಚಬೇಡಿ, ಧೂಳು ಹಿಡಿದು ಇನ್ನೂ ಬೇಗ ಸವೆಯುತ್ತದೆ.

ಎರಡನೆಯದು ಒಳಗಿನ ಲೇಪನ. ಅಗ್ಗದ ಚೀಲಗಳ ಬಟ್ಟೆಯ ಒಳಮೈಗೆ ಪಾಲಿಯುರೆಥೇನ್ ಬಳಿದಿರುತ್ತಾರೆ. ತೇವ ಮತ್ತು ಬಿಸಿ ಸೇರಿದರೆ ಅದು ನಿಧಾನಕ್ಕೆ ಒಡೆದು ಅಂಟಂಟಾಗಿ, ಹುಳಿ ವಾಸನೆ ಬಂದು, ಕೊನೆಗೆ ಸಿಪ್ಪೆಯಾಗಿ ಏಳುತ್ತದೆ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಮಳೆಗಾಲ ಪೂರ್ತಿ ಅಟ್ಟದ ಮೇಲೆ ಮುಚ್ಚಿಟ್ಟ ಚೀಲಕ್ಕೆ ಬಳಸಿದ ಚೀಲಕ್ಕಿಂತ ಬೇಗ ಹೀಗಾಗುತ್ತದೆ. ಜಿಪ್ಪು ತೆರೆದಿಟ್ಟು, ಗಾಳಿಯಾಡುವ ಕಡೆ ತೂಗುಹಾಕಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಬೇಡಿ. ಒಮ್ಮೆ ಅಂಟು ಶುರುವಾದರೆ ಉಳಿಸುವ ದಾರಿಯಿಲ್ಲ. ಟಿಪಿಯು ಎಂಬ ಇನ್ನೊಂದು ಬಗೆಯ ಪಾಲಿಯುರೆಥೇನ್ ಲೇಪನದ್ದು ಹೆಚ್ಚು ಬಾಳುತ್ತದೆ, ಬೆಲೆಯೂ ಹೆಚ್ಚು.

ಮೇಲಿನ ಹಿಡಿಕೆ ಮತ್ತು ಭುಜದ ಪಟ್ಟಿ ಚೀಲಕ್ಕೆ ಸೇರುವ ಜಾಗದಲ್ಲಿ ಅಡ್ಡಗೀಟಿನೊಂದಿಗೆ ಚೌಕ ಹೊಲಿಗೆ ಇದೆಯೇ ನೋಡಿ. ಒಂದೇ ಸಾಲಿನ ಹೊಲಿಗೆಯಿದ್ದರೆ ಹೊಸದಿರುವಾಗಲೇ ನೈಲಾನ್ ದಾರದಲ್ಲಿ ಗಟ್ಟಿ ಮಾಡಿಸಿಬಿಡಿ. ಬಕಲ್ಲು ಒಡೆದರೆ ಚಿಂತಿಸಬೇಕಿಲ್ಲ, ಪಟ್ಟಿಯ ಅಗಲ 20 ಅಥವಾ 25 ಮಿ.ಮೀ. ಎಂದು ಅಳೆದು ಅದೇ ಅಳತೆಯದು ತಂದರಾಯಿತು.

ಮಳೆಗೆ ಮೇಲುಹೊದಿಕೆಗಿಂತ ಒಳಗೆ ಹಾಕುವ ದೊಡ್ಡ ಪ್ಲಾಸ್ಟಿಕ್ ಚೀಲವೇ ಒಳ್ಳೆಯದು. ಹೊದಿಕೆ 80–100 ಗ್ರಾಂ, ಬೆನ್ನಿನ ಬದಿಯಿಂದ ಇಳಿಯುವ ನೀರನ್ನು ಅದು ತಡೆಯುವುದೂ ಇಲ್ಲ.

ಒಗೆಯುವುದು

ನಾಲ್ಕು ಅಂಗಿಯಲ್ಲಿ ಒಂದು ವಾರ ಕಳೆಯಬೇಕೆಂದರೆ ನಡುವೆ ಒಗೆಯಲೇಬೇಕು. ಬಾರ್ ಸೋಪಿನ 50 ಗ್ರಾಂ ತುಂಡು ಸಾಕು, ಅದು ದ್ರವವೂ ಅಲ್ಲ, ಪುಡಿಯೂ ಅಲ್ಲ. ಒಗೆದು ಹಿಂಡಿದ ಬಟ್ಟೆಯನ್ನು ಹೋಟೆಲಿನ ಒಣ ಟವೆಲ್ಲಿನ ಮೇಲೆ ಹಾಸಿ, ಎರಡನ್ನೂ ಸೇರಿಸಿ ಸುತ್ತಿ, ಮೇಲೆ ಕಾಲಿಟ್ಟು ಒತ್ತಿ, ಆಮೇಲೆ ಫ್ಯಾನಿನ ಕೆಳಗೆ ಹರಡಿ. ಸಿಂಥೆಟಿಕ್ ಟೀ ಶರ್ಟು ಬೆಳಗಿಗೆ ಒಣಗಿರುತ್ತದೆ. ದಪ್ಪ ಹತ್ತಿಯದು ಬೇಸಿಗೆಯಲ್ಲಿ ಒಣಗಬಹುದು, ಜುಲೈ ತಿಂಗಳ ಉಡುಪಿಯಲ್ಲಿ ಎರಡು ದಿನವಾದರೂ ಇಲ್ಲ. ಮಳೆಗಾಲದ ಪ್ರವಾಸಕ್ಕೆ ಎರಡು ಹತ್ತಿ, ಎರಡು ಸಿಂಥೆಟಿಕ್ ಎಂದು ಬೆರೆಸಿಟ್ಟುಕೊಳ್ಳುವುದು ಕ್ಷೇಮ.

ಇದು ಎಲ್ಲರಿಗೂ ಒಗ್ಗುವುದಿಲ್ಲ. ಬೆನ್ನುನೋವು, ಭುಜದ ನೋವು ಇರುವವರು ಎರಡು ಚಕ್ರದ ಮೆತ್ತನೆ ಟ್ರಾಲಿ ಕೊಳ್ಳಲಿ, ಅವು 2 ಕಿಲೋ ಆಸುಪಾಸಿಗೂ ಸಿಗುತ್ತವೆ, ನಾಲ್ಕು ಚಕ್ರದ ಗಟ್ಟಿಯದಕ್ಕಿಂತ ಹಗುರ. ಎಳೆ ಮಗುವಿದ್ದರೆ ಈ ಲೆಕ್ಕವೇ ಬೇಡ. ಮಕ್ಕಳ ಮನೆಗೆಂದು ಆರು ತಿಂಗಳಿಗೆ ಅಮೆರಿಕಕ್ಕೆ ಹೊರಡುವ ತಂದೆತಾಯಿಗೆ ಟಿಕೆಟ್ಟಿನಲ್ಲೇ ಚೆಕ್-ಇನ್ ಸಾಮಾನು ಸೇರಿರುವಾಗ 7 ಕಿಲೋದಲ್ಲಿ ಇಕ್ಕಟ್ಟು ಪಡುವುದಕ್ಕೆ ಅರ್ಥವಿಲ್ಲ. ಅವರು ಈ ಬೆನ್ನುಚೀಲದಲ್ಲಿ ಹದಿನೈದು ದಿನದ ಔಷಧಿ, ವೈದ್ಯರ ಚೀಟಿ, ಒಂದು ಜೊತೆ ಬಟ್ಟೆ, ಒಂದು ಸ್ವೆಟರ್ ಇಟ್ಟುಕೊಂಡು ಉಳಿದದ್ದನ್ನು ಚೆಕ್-ಇನ್ ಮಾಡಲಿ. ದೊಡ್ಡ ಬ್ಯಾಗು ಎರಡು ದಿನ ತಡವಾಗಿ ಬಂದರೂ ಕಷ್ಟವಾಗದು.